ಒಳಗೆ ಬಿಟ್ಟ ಒಂದು ಇಂಚು

ಒಳಗೆ ಒಂದು ಇಂಚು ಬಟ್ಟೆ ಬಿಡದೆ ನಾನು ಯಾವತ್ತೂ ಏನನ್ನೂ ಹೊಲಿದವನಲ್ಲ. ರವಿಕೆ ಇರಲಿ, ಶರ್ಟ್ ಇರಲಿ, ಶಾಲೆಯ ಯೂನಿಫಾರ್ಮ್ ಇರಲಿ, ಪಕ್ಕದ ಹೊಲಿಗೆಯ ಒಳಗೆ ಇಂಚು ಬಟ್ಟೆ ಮಡಚಿ ಕೂರಿಸುತ್ತೇನೆ. ಹಾಕಿಕೊಂಡವರು ನಾಳೆ ದಪ್ಪವಾದರೆ ಹೊಲಿಗೆ ಬಿಚ್ಚಿ ಅಗಲ ಮಾಡಿಸಿಕೊಳ್ಳಲಿ ಅಂತ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ರಾಣೆಬೆನ್ನೂರಿನ ಅಂಗಡಿಯೊಂದರಲ್ಲಿ ಮಶಿನ್ ಮುಂದೆ ಕೂತಾಗ ಮೊದಲು ಕಲಿತದ್ದೇ ಇದು. ಒಳಗೆ ಬಟ್ಟೆ ಬಿಡದ ಟೇಲರು ಗಿರಾಕಿಯ ಬಟ್ಟೆ ಕದ್ದ ಹಾಗೆ ಎಂದು ಅಲ್ಲಿ ನಂಬಿಕೆ. ಆ ಒಂದು ಇಂಚಿನಿಂದಾಗಿ ಡಲ್ಲಾಸಿನ ಒಂದು ಫುಟ್‌ಬಾಲ್ ತಂಡದಲ್ಲಿ, ಅವರು ಕಪ್ ಗೆದ್ದ ವರ್ಷ, ಒಬ್ಬ ಆಟಗಾರನ ಜಾಗವೇ ಹೋಗುವುದರಲ್ಲಿತ್ತು. ಅದನ್ನು ಬರೆಯುತ್ತಿದ್ದೇನೆ.

ಇದು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಅಮೆರಿಕದ ಫುಟ್‌ಬಾಲ್. ಅದರಲ್ಲೂ ನಮ್ಮದು ಊರೆಲ್ಲ ನೋಡುವ ದೊಡ್ಡ ಲೀಗ್ ಅಲ್ಲ. ಅದು ಮುಗಿದ ಮೇಲೆ ವಸಂತದಲ್ಲಿ ಶುರುವಾಗುವ ಸಣ್ಣ ಲೀಗ್. ಆಡುವವರು ಒಂದೋ ದೊಡ್ಡ ಲೀಗಿನಿಂದ ಕೆಳಗೆ ಬಿದ್ದವರು, ಇಲ್ಲ ಅಲ್ಲಿಗೆ ಹತ್ತಲು ಒದ್ದಾಡುತ್ತಿರುವವರು.

ಆ ವರ್ಷ ತಂಡ ಮೊದಲ ಎರಡು ಆಟ ಸೋತಿತು. ಸೋತದ್ದಕ್ಕೆ ಕೋಚ್ ಕಂಡುಕೊಂಡ ಕಾರಣಗಳಲ್ಲಿ ಅಂಗಿಯೂ ಒಂದು. ಚೆಂಡು ಎಸೆಯುವ ಆಟಗಾರನನ್ನು ಕಾಯಲು ಐದು ಜನ ಭಾರಿ ಆಳುಗಳು ಅವನ ಮುಂದೆ ಗೋಡೆಯಾಗಿ ನಿಲ್ಲುತ್ತಾರೆ. ಎದುರಾಳಿಗಳು ಇವರ ಅಂಗಿ ಹಿಡಿದು ಜಗ್ಗಿ ಆ ಗೋಡೆ ಒಡೆಯುತ್ತಿದ್ದರು. ಹಾಗಾಗಿ ಅಂಗಿ ಚರ್ಮದ ಹಾಗೆ ಮೈಗೆ ಅಂಟಿರಬೇಕು, ಬೆರಳಿಗೆ ಚಿಟಿಕೆ ಬಟ್ಟೆಯೂ ಸಿಗಬಾರದು. ತಂಡದ ಸಾಮಾನು ಕೋಣೆಯ ಮ್ಯಾನೇಜರ್, ಡಲ್ಲಾಸ್ ಪಕ್ಕದ ಅರ್ವಿಂಗ್ ಊರಿನಲ್ಲಿರುವ ನನ್ನ ಆಲ್ಟರೇಶನ್ ಅಂಗಡಿಗೆ ಒಂದು ಅಂಗಿ ಹಿಡಿದುಕೊಂಡು ಬಂದದ್ದು ಆಗ. ಅರವತ್ತರ ಹತ್ತಿರದ ಬಿಳಿಯ, ಮಾತು ಕಡಿಮೆ. ಅವನೂ ಆಟಗಾರರೂ ಇಂಗ್ಲಿಷಿನಲ್ಲಿ ಅಂದದ್ದನ್ನು ನನ್ನ ಕಿವಿಗೆ ಬಿದ್ದ ಹಾಗೆ ಕನ್ನಡದಲ್ಲಿ ಬರೆಯುತ್ತೇನೆ.

"ಎರಡೂ ಪಕ್ಕ ಬಿಗಿ ಮಾಡಬೇಕು. ಉಳಿದ ಬಟ್ಟೆ ಕತ್ತರಿಸಿ ಓವರ್‌ಲಾಕ್ ಹಾಕು. ಇಗೋ, ಹಳೆ ಟೇಲರ್ ಹೊಲಿದ ಮಾದರಿ" ಎಂದ.

ಮಾದರಿಯನ್ನು ಒಳಮೈ ತಿರುಗಿಸಿ ನೋಡಿದೆ. ಅಂಚಿಗೆ ದಾರ ಸುತ್ತಿ ಬಟ್ಟೆಯನ್ನು ಕಚಕ್ಕೆಂದು ಕತ್ತರಿಸಿ ಬಿಟ್ಟಿದ್ದರು. ನನಗೆ ನಗು ಬಂತು. ಇಷ್ಟು ದುಬಾರಿ ಬಟ್ಟೆಯನ್ನು ಹೀಗೆ ಕತ್ತರಿಸುವವರು ಟೇಲರೇ ಅಲ್ಲ ಅನ್ನಿಸಿತು. ಬಾಯಲ್ಲಿ ಸರಿ ಅಂದೆ. ಕೈಯಲ್ಲಿ ನನ್ನದೇ ಮಾಡಿದೆ.

ಬದಲಿ ಆಟಗಾರರೂ ಸೇರಿ ಎಂಟು ಜನ ಗೋಡೆಯವರು, ತಲಾ ಎರಡು ಅಂಗಿ, ಬಿಳಿಯದೊಂದು ಬಣ್ಣದ್ದೊಂದು. ಹಿಗ್ಗುವ ಬಟ್ಟೆಗೆ ಚೂಪು ಸೂಜಿ ಆಗದು, ನೂಲು ಹರಿದು ತೂತು ಬೀಳುತ್ತದೆ. ಮೊಂಡು ಮೊನೆಯ ಸೂಜಿ ಹಾಕಿ ಸಣ್ಣ ಜಿಗ್‌ಜಾಗ್ ಹೊಲಿಗೆ ಕೊಟ್ಟೆ. ಒಬ್ಬೊಬ್ಬರಿಗೂ ಭುಜದ ಪ್ಯಾಡ್ ಹಾಕಿಸಿ, ಮೇಲೆ ಅಂಗಿ ತೊಡಿಸಿ, ಮೈಮೇಲೇ ಪಿನ್ ಚುಚ್ಚಿ ಅಳತೆ ಹಿಡಿದೆ. ಒಳಗೆ ಒಂದು ಇಂಚು ಬಿಟ್ಟು, ಮಡಚಿ, ಅದರ ಮೇಲೆ ಎರಡು ಸಾಲು ಟಾಕಾ ಹಾಕಿ ಚಪ್ಪಟೆ ಕೂರಿಸಿದೆ. ಹೊರಗಿಂದ ಹೊಲಿಗೆ ಹೊಡೆದದ್ದೇ ಕಾಣುತ್ತಿರಲಿಲ್ಲ. ಮ್ಯಾನೇಜರ್ ಎಳೆದು ನೋಡಿ ತಲೆಯಾಡಿಸಿದ. ಒಳಮೈ ನೋಡಲಿಲ್ಲ.

ಮೂರನೇ ಆಟ ಗೆದ್ದರು, ನಾಲ್ಕನೆಯದೂ ಗೆದ್ದರು. ವಾರಕ್ಕೆ ಮೂರು ದಿನ ಅವರ ಪ್ರಾಕ್ಟೀಸ್ ಕಟ್ಟಡದಲ್ಲೇ ಮಶಿನ್ ಹಾಕಿಕೊಂಡು ಕೂರು ಎಂದು ಕೇಳಿದರು. ಹೋದೆ. ಆರನೆಯದೂ ಗೆದ್ದ ಮೇಲೆ ಸಾಮಾನು ಕೋಣೆಯಲ್ಲಿ ಒಂದು ಕಾಯಿದೆ ಬಂತು: ಗೆಲ್ಲುವಾಗ ಏನನ್ನೂ ಮುಟ್ಟುವ ಹಾಗಿಲ್ಲ. ಹ್ಯಾಂಗರ್ ಇದ್ದಲ್ಲೇ ಇರಬೇಕು, ಒಗೆಯುವ ಪುಡಿ ಅದೇ ಇರಬೇಕು. ಅಂಗಿಗಳ ಮೇಲಂತೂ ಅವರಿಗೆ ದೇವರ ಮೇಲಿನ ಭಕ್ತಿ. ಅವು ನನ್ನ ಕೈಯ ಅಂಗಿಗಳು. ಅದರ ಹೆಮ್ಮೆ ನನಗಿರಲಿಲ್ಲ ಅಂದರೆ ಸುಳ್ಳಾಗುತ್ತದೆ.

ಗೋಡೆಯ ಐವರಲ್ಲಿ ಎಡಕ್ಕೆ ನಿಲ್ಲುವ ಒಬ್ಬನನ್ನು ಲೆಫ್ಟ್ ಗಾರ್ಡ್ ಅನ್ನುತ್ತಾರೆ. ನಾನೂ ಗಾರ್ಡ್ ಎಂದೇ ಬರೆಯುತ್ತೇನೆ. ಲೂಯಿಸಿಯಾನಾ ಕಡೆಯ ಕರಿಯ ಆಳು, ಮೂವತ್ತೆರಡು ವಯಸ್ಸು, ಬಾಗಿಲಲ್ಲಿ ಅಡ್ಡಡ್ಡ ತಿರುಗಿ ಒಳಗೆ ಬರಬೇಕು. ದೊಡ್ಡ ಲೀಗಿನಿಂದ ಎರಡು ಸಲ ಹೊರಬಿದ್ದಿದ್ದ. "ಟೇಲರ್, ಈ ಸಲ ಫೈನಲ್ ಆಡಿದರೆ ಯಾರಾದರೂ ಕರೀತಾರೆ. ಇಲ್ಲ ಅಂದ್ರೆ ಭಾವನ ಟ್ರಕ್ ಓಡಿಸಬೇಕು" ಎಂದು ಅಳತೆ ಕೊಡುವಾಗ ಹೇಳಿದ್ದ. ನನ್ನ ಜೊತೆ ಅವನಿಗೆ ಸಲಿಗೆ. ಸೊಂಟಕ್ಕೆ ಟೇಪ್ ಸುತ್ತಿದರೆ, "ಆ ನಂಬರ್ ಜೋರಾಗಿ ಓದಬೇಡ, ನನ್ನ ಹೆಂಡತಿಗೆ ಕೇಳಿಸುತ್ತೆ" ಅನ್ನುತ್ತಿದ್ದ.

ಮೇ ತಿಂಗಳ ಸೆಕೆ ಶುರುವಾದಾಗ ಅವನು ಒಳಗಿನ ಬನಿಯನ್ ಬಿಟ್ಟು ಬರೀ ಮೈಮೇಲೆ ಅಂಗಿ ಹಾಕತೊಡಗಿದ. ಒಂದು ವಾರಕ್ಕೆ ಎಡ ಪಕ್ಕೆಯಲ್ಲಿ ಉರಿ ಅಂದ. ಎರಡನೇ ವಾರ ಅಲ್ಲಿ ಚರ್ಮ ಕಿತ್ತು ನೀರು ಒಸರತೊಡಗಿತು. ಫಿಸಿಯೋ ನೋಡಿ, ಭುಜದ ಪ್ಯಾಡಿನ ಪಟ್ಟಿ ಉಜ್ಜುತ್ತಿದೆ ಎಂದು ಪಟ್ಟಿ ಬದಲಿಸಿದ. ಕಡಿಮೆಯಾಗಲಿಲ್ಲ. ಪ್ಯಾಡನ್ನೇ ಬದಲಿಸಿದ. ಹೊಸ ಪ್ಯಾಡ್ ಒಗ್ಗದೆ ಗಾರ್ಡಿನ ಆಟ ಇನ್ನಷ್ಟು ಕೆಟ್ಟಿತು. ಎಡತೋಳು ಪೂರ್ತಿ ಎತ್ತಲಾಗುತ್ತಿರಲಿಲ್ಲ.

ಸೆಮಿಫೈನಲ್ ಹೂಸ್ಟನ್‌ನಲ್ಲಿ, ಭಾನುವಾರ. ತಂಡದವರು ಬಸ್ಸಿನಲ್ಲಿ ಹೋದರು; ಮಶಿನ್ ಇದ್ದದ್ದರಿಂದ ನಾನು ನನ್ನ ವ್ಯಾನ್ ಡ್ರೈವ್ ಮಾಡಿಕೊಂಡು ಹೋದೆ. ಮೂರನೇ ಭಾಗದಲ್ಲಿ ಗಾರ್ಡಿನ ಎಡಗಡೆಯಿಂದ ಎದುರಾಳಿಯೊಬ್ಬ ನುಗ್ಗಿ ಚೆಂಡು ಎಸೆಯುವವನನ್ನು ಬೆನ್ನಿಗೆ ಗುದ್ದಿ ಕೆಡವಿದ. ಹಾಗಾದದ್ದು ಒಂದು ಸಲ ಅಲ್ಲ, ಎರಡು ಸಲ. ಹೇಗೋ ಗೆದ್ದರು. ಆದರೆ ಆಟ ಮುಗಿದ ಮೇಲೆ ಕೋಚ್ ಅವನ ಹತ್ತಿರ ನಿಲ್ಲದೆ ಮುಂದೆ ಹೋದದ್ದನ್ನು ಎಲ್ಲರೂ ನೋಡಿದರು.

ಸೋಮವಾರ ಬೆಳಿಗ್ಗೆ ವಾಪಸ್ ಹೊರಡುವ ಮೊದಲು ಹೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನಲ್ಲಿ ಒಬ್ಬ ಆಂಟಿಗೆ ರವಿಕೆ ಕೊಡುವುದಿತ್ತು. ಮೈಸೂರಿನವರು, ಗಂಡ ಡಾಕ್ಟರ್. ಬಾಗಿಲಲ್ಲೇ ರವಿಕೆ ಬಿಚ್ಚಿ, ಕನ್ನಡಕ ಏರಿಸಿ, ಒಳಗಿನ ಹೊಲಿಗೆ ಎಳೆದು ನೋಡಿದರು.

"ಬಿಟ್ಟಿದೀರಾ ಮಾಸ್ಟ್ರೇ, ಒಳಗೆ?"

"ಬಿಡದೆ ಇರ್ತೀನಾ ಮೇಡಂ? ಎರಡೂ ಕಡೆ ಇಂಚು ಐತಿ."

"ಅದೇ ನೋಡಿ. ಮಗಳ ಗ್ರಾಜುಯೇಶನ್‌ಗೆ ಹೊಲಿಸಿದ್ದು ಎರಡು ಸಲ ಬಿಚ್ಚಿಸಿದೀನಿ. ಇಲ್ಲಿ ಇನ್ನೊಬ್ಳ ಹತ್ರ ಕೊಟ್ಟಿದ್ದೆ, ಒಳಗಡೆ ಎಲ್ಲಾ ಕತ್ತರಿಸಿ ಎಸೆದಿದ್ಲು. ಇವರು ಅಂತಾರೆ, ರವಿಕೆ ಬೆಳೆಸೋ ಬದಲು ನೀನು ಸಣ್ಣ ಆಗು ಅಂತ. ನಾನಂದೆ, ಮಾಸ್ಟ್ರು ಇರೋವರೆಗೂ ನನಗೆ ಡಯಟ್ ಬೇಕಾಗಿಲ್ಲ."

ಕಾಫಿ ಕುಡಿಸಿ, ಕೋಡುಬಳೆ ಕಟ್ಟಿಕೊಟ್ಟು ಕಳಿಸಿದರು. ಡಲ್ಲಾಸಿನವರೆಗೂ ಆ ಮಾತು ಬಾಯಲ್ಲಿ ಸಕ್ಕರೆಯ ಹಾಗಿತ್ತು.

ನನ್ನ ಹೆಂಡತಿ ಹುಬ್ಬಳ್ಳಿಯವಳು, ನರ್ಸ್. ಅವಳ ಕೆಲಸದಿಂದಲೇ ನಾವು ಇಲ್ಲಿಗೆ ಬಂದದ್ದು. ಮಂಗಳವಾರ ಬೆಳಿಗ್ಗೆ ಡ್ಯೂಟಿ ಮುಗಿಸಿ ಬಂದು ಅವಲಕ್ಕಿ ತಿನ್ನುತ್ತಾ ಕೂತಿದ್ದಳು. ನಾನು ಗಾರ್ಡಿನ ಕಥೆ ಹೇಳುತ್ತಾ, ಪಾಪ, ಆ ಪ್ಯಾಡಿನ ಪಟ್ಟಿ ಅವನ ಜನ್ಮ ತೆಗೆಯುತ್ತಿದೆ ಎಂದೆ.

"ಗಾಯ ಹೆಂಗೈತ್ರಿ? ಅಗಲ ಐತೋ ಗೆರಿ ಹಂಗೈತೋ?"

"ಗೆರಿ. ಇಷ್ಟುದ್ದ." ಪಕ್ಕೆಯ ಮೇಲೆ ಬೆರಳಿಂದ ಎಳೆದು ತೋರಿಸಿದೆ.

"ಸಪೂರಾಗಿ, ನೆಟ್ಟಗ?"

"ಹೂಂ, ಸ್ಕೇಲ್ ಇಟ್ಟು ಗೀರಿದಂಗ."

ಅವಳು ಚಮಚ ಕೆಳಗಿಟ್ಟಳು. "ಪಟ್ಟಿ ಉಜ್ಜಿದ್ರ ಅಗಲಕ್ಕ ತೊಗಲು ಹೋಗ್ತೈತ್ರೀ. ನೆಟ್ಟಗ ಗೆರಿ ಬಿದ್ದೈತಂದ್ರ ಅದು ಬಟ್ಟಿ ಮಡಿಕಿ. ಹಾಸಿಗಿ ಹಿಡಿದ ಪೇಶಂಟ್ ಕೆಳಗ ಚಾದರ ಮಡಚಿಕೊಂಡ್ರ ಹಿಂಗ ಆಗ್ತೈತಿ. ಅದಕ್ಕ ನಾವು ದಿನಾ ಸುಕ್ಕು ತೆಗೀತೀವಿ."

ನಾನು ಅವಳ ಲೋಟಕ್ಕೆ ನೀರು ಬಗ್ಗಿಸಿದೆ.

"ಅಂಗಿ ಒಳಗ ಎಷ್ಟು ಬಿಟ್ಟೀರಿ?"

"ನೀ ತಿಂದು ಮಲ್ಕೋ" ಎಂದು ಎದ್ದೆ.

ಎದ್ದೆನೇ ಹೊರತು ಎಲ್ಲಿಗೆ ಹೋಗಬೇಕೆಂದು ತೋಚಲಿಲ್ಲ. ಅಂಗಡಿಯ ಶಟರ್ ಎತ್ತಿದೆ, ಒಂದು ಪ್ಯಾಂಟಿನ ಅಂಚು ಮಡಚಲು ಕೂತೆ, ಬಿಟ್ಟು ಎದ್ದೆ. ವ್ಯಾನ್ ಹತ್ತಿ ಕಾಪೆಲ್ ಕಡೆ ಹೋಗಿ, ಕೊಡಬೇಕಾದ ಲಂಗವನ್ನು ಕೊಡದೆಯೇ ತಿರುಗಿಬಂದೆ. ಪ್ರತಿ ಸಿಗ್ನಲ್ಲಿನಲ್ಲೂ ಅಂಗಿಯ ಒಳಮೈ ಕಣ್ಣಮುಂದೆ ಬರುತ್ತಿತ್ತು. ಗಾರ್ಡ್ ಪ್ರತಿ ಸಲ ಎಡಗೈ ನೆಲಕ್ಕೂರಿ ಬಗ್ಗುತ್ತಾನೆ, ಎಡ ಪಕ್ಕೆ ಮಡಚುತ್ತದೆ. ಒಂದು ಆಟಕ್ಕೆ ಅರವತ್ತೆಪ್ಪತ್ತು ಸಲ. ಬೆವರಲ್ಲಿ ನೆನೆದ ಮಡಿಕೆ, ಮೇಲೆ ಎರಡು ಸಾಲು ದಾರ, ಬಿಗಿ ಅಂಗಿ. ಉಳಿದವರು ಬನಿಯನ್ ಹಾಕುತ್ತಿದ್ದರು, ಉಳಿದುಕೊಂಡರು.

ಆಗಲೇ ಮ್ಯಾನೇಜರ್ ಹತ್ತಿರ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಮೂವತ್ತು ವರ್ಷ ನನ್ನ ಹೊಲಿಗೆ ತಪ್ಪು ಅಂತ ಒಬ್ಬರ ಬಾಯಲ್ಲೂ ಕೇಳಿದವನಲ್ಲ ನಾನು. ಓದಿದವರಿಗಾದರೆ ತೋರಿಸಲು ಸರ್ಟಿಫಿಕೇಟ್ ಇರುತ್ತದೆ, ನನಗೆ ಇದ್ದದ್ದು ಈ ಕೈ. ಗುಟ್ಟಾಗಿ ಸರಿಮಾಡಿದರಾಯಿತು ಎಂದುಕೊಂಡು, ಮಂಗಳವಾರ ಮಧ್ಯಾಹ್ನ ಸಾಮಾನು ಕೋಣೆಯಲ್ಲಿ ಯಾರೂ ಇಲ್ಲದ ಹೊತ್ತಲ್ಲಿ, ಗಾರ್ಡಿನ ಅಂಗಿಯ ಮಡಿಕೆಯ ಮೇಲೆ ಮೆತ್ತನೆಯ ಫ್ಲಾನೆಲ್ ಪಟ್ಟಿ ಹೊಲಿದೆ.

ಬುಧವಾರದ ಪ್ರಾಕ್ಟೀಸಿನಲ್ಲಿ ಆ ಫ್ಲಾನೆಲ್ ಬೆವರು ಹೀರಿ ಹಗ್ಗದ ಹಾಗಾಯಿತು. ಒಣಗುತ್ತಿದ್ದ ಗಾಯ ಮತ್ತೆ ಬಾಯಿ ಬಿಟ್ಟಿತು. ಗಾರ್ಡ್ ಬೆಂಚಿನ ಮೇಲೆ ಕೂತು ಅಂಗಿ ಎತ್ತಿದಾಗ ಬಿಳಿ ಬಟ್ಟೆಗೆ ಕೆಂಪು ಹತ್ತಿತ್ತು. ನನ್ನನ್ನು ನೋಡಿ ನಕ್ಕ. "ಟೇಲರ್, ಈ ಕಲೆ ಹೋಗುತ್ತಾ?" ಎಂದ. ಪಾಪದವನು, ಅಂಗಿಯ ಬಗ್ಗೆ ಕೇಳುತ್ತಿದ್ದ.

ಗುರುವಾರ ಕೋಚ್ ಅವನ ಜಾಗದಲ್ಲಿ ಇನ್ನೊಬ್ಬನನ್ನು ನಿಲ್ಲಿಸಿ ಪ್ರಾಕ್ಟೀಸ್ ಮಾಡಿಸಿದ. ಫೈನಲ್ ಆಸ್ಟಿನ್‌ನಲ್ಲಿ, ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ. ಹತ್ತು ದಿನ. ಗಾರ್ಡ್ ಗೆರೆಯಾಚೆ ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತಿದ್ದ. ಜೋಕು ಮಾಡಲಿಲ್ಲ. ನಾನು ಕಿಟಕಿಯಿಂದ ಎಷ್ಟು ಹೊತ್ತು ನೋಡಿದೆನೋ. ಮಶಿನ್‌ಗೆ ದಾರ ಪೋಣಿಸಿದೆ, ತೆಗೆದೆ, ಮತ್ತೆ ಪೋಣಿಸಿದೆ. ಕೊನೆಗೆ ಅವನ ಅಂಗಿಯನ್ನು ಹ್ಯಾಂಗರಿನಿಂದ ತೆಗೆದುಕೊಂಡು ಮ್ಯಾನೇಜರ್ ಕೋಣೆಗೆ ಹೋದೆ.

ಒಳಮೈ ತಿರುಗಿಸಿ ಮೇಜಿನ ಮೇಲಿಟ್ಟು ಹೇಳಿದೆ. "ತಪ್ಪು ಪ್ಯಾಡಿನದಲ್ಲ. ನನ್ನದು. ನೀವು ಕತ್ತರಿಸು ಅಂದಿರಿ, ನಾನು ಕತ್ತರಿಸಲಿಲ್ಲ."

ಅವನು ಮಡಿಕೆಯ ಮೇಲೆ ಹೆಬ್ಬೆರಳು ಎಳೆದ. ಫ್ಲಾನೆಲ್ ಮೇಲೆ ಬಂದಾಗ ನಿಲ್ಲಿಸಿದ. "ಇದು ಯಾವಾಗ ಹಾಕಿದ್ದು?"

"ಮಂಗಳವಾರ."

"ಅಂದರೆ ಮಂಗಳವಾರವೇ ಗೊತ್ತಿತ್ತು."

"ಗೊತ್ತಿತ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಅಂಗಿಯ ಇನ್ನೊಂದು ಪಕ್ಕವನ್ನೂ ತಿರುಗಿಸಿ ನೋಡಿದ. ಆಮೇಲೆ, "ಇನ್ನು ಎಷ್ಟು ಅಂಗಿ ಹೀಗಿವೆ?" ಎಂದ.

"ಹದಿನಾರೂ."

"ಏಳು ವಾರದಿಂದ ಈ ಕೋಣೆಯಲ್ಲಿ ಒಂದು ಹ್ಯಾಂಗರನ್ನೂ ಸರಿಸಿಲ್ಲ ನಾನು. ಈಗ ಸೋಲದೇ ಇರೋ ಹದಿನಾರು ಅಂಗಿಗೆ ಕತ್ತರಿ ಹಾಕು ಅಂತ ಹೇಗೆ ಹೇಳಲಿ ಆ ಹುಡುಗರಿಗೆ?"

"ನಾನೇ ಹೇಳ್ತೀನಿ" ಎಂದೆ.

ಗಾರ್ಡನ್ನು ಕರೆಸಿದರು. ಕಥೆ ಕೇಳಿ ಅವನು ಮೊದಲು ತಲೆಯಲ್ಲಾಡಿಸಿದ. "ಬೇಡ. ಅಂಗಿ ಮುಟ್ಟಬೇಡ. ಅದು ಗೆಲ್ಲೋ ಅಂಗಿ. ನಾನು ಹಲ್ಲು ಕಚ್ಚಿಕೊಂಡು ಆಡ್ತೀನಿ."

ಮಾತಲ್ಲಿ ಗೆಲ್ಲುವಷ್ಟು ಇಂಗ್ಲಿಷ್ ನನಗಿಲ್ಲ. ಅವನನ್ನು ಕನ್ನಡಿಯ ಮುಂದೆ ನಿಲ್ಲಿಸಿ, ತೋಳೆತ್ತಿಸಿ, ತಿರುಗಿಸಿದ ಅಂಗಿಯ ಮಡಿಕೆಯನ್ನು ಗಾಯದ ಪಕ್ಕ ಹಿಡಿದೆ. ಎರಡೂ ಒಂದೇ ಉದ್ದ. ಕೆಳತುದಿಯಲ್ಲಿ ನಾನು ಹೊಲಿಗೆ ಗಟ್ಟಿಮಾಡಲು ಹಿಂದೆ ಮುಂದೆ ಹೊಡೆದ ಟಾಕಾ ಒಂದು ಗಂಟಿನ ಹಾಗಿತ್ತು. ಗಾಯದ ಕೆಳತುದಿಯಲ್ಲೂ ಅಷ್ಟೇ ಗಾತ್ರದ ಒಂದು ಚುಕ್ಕೆ.

ಅವನು ಕನ್ನಡಿಯಲ್ಲಿ ನೋಡುತ್ತಾ ಆ ಚುಕ್ಕೆಯ ಪಕ್ಕ ಬೆರಳಿಟ್ಟ.

"ಮೂರು ವಾರ" ಎಂದ. "ಮೂರು ವಾರ ನಾನು ಆ ಫಿಸಿಯೋಗೆ ಬೈದೆ."

"ಬೈಯೋದಿದ್ರೆ ನನಗೆ ಬೈಯಿ."

"ನಿನಗಾ? ನಿನ್ನ ಕೈಯಲ್ಲಿ ಕತ್ತರಿ ಇರುತ್ತೆ." ನಗಲಿಲ್ಲ. ಅಂಗಿಯನ್ನು ನನ್ನ ಎದೆಗೆ ಒತ್ತಿ, "ಕತ್ತರಿಸು" ಅಂದು ಹೋದ.

ಗುರುವಾರ ಸಂಜೆಯವರೆಗೆ, ಶುಕ್ರವಾರ ಇಡೀ ದಿನ, ಹದಿನಾರು ಅಂಗಿ ಬಿಚ್ಚಿದೆ. ಹೊಲಿಗೆ ಬಿಚ್ಚುವ ಕೊಕ್ಕೆಯನ್ನು ಎರಡು ಟಾಕಾ ಬಿಟ್ಟು ಒಂದಕ್ಕೆ ಸಿಕ್ಕಿಸಿ ಎಳೆಯಬೇಕು. ಅವಸರ ಮಾಡಿದರೆ ಹಿಗ್ಗುವ ಬಟ್ಟೆ ಏಣಿಯ ಹಾಗೆ ಬಿಚ್ಚಿಕೊಳ್ಳುತ್ತದೆ. ಮೊದಲ ಅಂಗಿಯ ಇಂಚನ್ನು ಕತ್ತರಿಸುವಾಗ ಕೈ ಒಪ್ಪಲಿಲ್ಲ. ಕತ್ತರಿ ಬಾಯಿ ತೆರೆದುಕೊಂಡೇ ನಿಂತಿತ್ತು. ಇನ್ನು ಬಿಚ್ಚಿ ಅಗಲ ಮಾಡುವ ಮಾತೇ ಇಲ್ಲ, ಕೆಟ್ಟರೆ ಕೆಟ್ಟಿತು. ಆಮೇಲೆ ಕತ್ತರಿಸಿದೆ. ಅಂಚಿಗೆ ಓವರ್‌ಲಾಕ್ ಹಾಕಿದೆ. ನಾನು ನಕ್ಕಿದ್ದ ಆ ಹಳೆ ಟೇಲರ್ ಮಾಡಿದ ಹಾಗೇ. ಮೇಜಿನ ಕೆಳಗೆ ಪಟ್ಟಿಗಳ ರಾಶಿ ಬಿತ್ತು. ಮ್ಯಾನೇಜರ್ ಒಂದೊಂದೇ ಅಂಗಿಯನ್ನು ಒಳಮೈ ತಿರುಗಿಸಿ ನೋಡಿ ತೆಗೆದುಕೊಂಡ. ಈಗಲೂ ಹಾಗೇ ನೋಡುತ್ತಾನೆ. ನನಗೆ ಬೇಸರವಿಲ್ಲ ಅನ್ನಲಾರೆ.

ಗಾಯಕ್ಕೆ ಫಿಸಿಯೋ ತನ್ನ ಮದ್ದು ಮಾಡಿದ. ಮುಂದಿನ ಬುಧವಾರದ ಹೊತ್ತಿಗೆ ಗಾರ್ಡ್ ತೋಳು ಎತ್ತುತ್ತಿದ್ದ. ಗುರುವಾರ ಕೋಚ್ ಅವನನ್ನು ಮತ್ತೆ ಅವನ ಜಾಗಕ್ಕೆ ಕರೆದ. ಆದರೆ ಷರತ್ತು ಹಾಕಿದ: ಫೈನಲಿನಲ್ಲಿ ಎಡಗಡೆಯಿಂದ ಒಬ್ಬನೇ ಒಬ್ಬ ನುಗ್ಗಿದರೂ ಹೊರಗೆ.

ಆಸ್ಟಿನ್‌ಗೆ ಇಂಟರ್‌ಸ್ಟೇಟ್ ಮೂವತ್ತೈದರಲ್ಲಿ ಹೋಗುವಾಗ ವೇಕೋ ದಾಟುವವರೆಗೂ ಒಂದೇ ಚಿಂತೆ. ಬಿಗಿ ಅಂಗಿ, ಒಳಗೆ ಬಟ್ಟೆಯ ಆಧಾರ ಇಲ್ಲ, ಹೊಲಿಗೆ ತಡೆಯುತ್ತದೋ ಇಲ್ಲವೋ. ವ್ಯಾನಿನಲ್ಲಿ ಮಶಿನ್ ಇತ್ತು, ಜೇಬಿನಲ್ಲಿ ಬಾಗಿದ ಸೂಜಿಗಳು ಮತ್ತು ದಪ್ಪ ನೈಲಾನ್ ದಾರ. ಗಾರ್ಡಿಗೆ ತೆಳು ಬನಿಯನ್ ಹಾಕು ಎಂದು ನಾನೇ ಕೈಮುಗಿದು ಹೇಳಿ ಹಾಕಿಸಿದ್ದೆ.

ಆಟ ಶುರುವಾದದ್ದು ಮಧ್ಯಾಹ್ನ, ಬಿಸಿಲು ನೆಲದಿಂದ ಮುಖಕ್ಕೆ ಹೊಡೆಯುತ್ತಿತ್ತು. ನಾನು ಆಟ ನೋಡಲಿಲ್ಲ, ಎಡ ಪಕ್ಕೆ ನೋಡಿದೆ. ಮೊದಲರ್ಧ ಅವನ ಕಡೆಯಿಂದ ಒಬ್ಬನೂ ಬರಲಿಲ್ಲ. ಕೊನೆಯ ಭಾಗ, ನಾವು ನಾಲ್ಕು ಪಾಯಿಂಟ್ ಹಿಂದೆ. ಎದುರಾಳಿಯ ಕೈ ಗಾರ್ಡಿನ ಕಂಕುಳ ಕೆಳಗೆ ಹೋಗಿ ಹೊಲಿಗೆಯ ಅಂಚಿಗೆ ಸಿಕ್ಕಿತು. ಬಟ್ಟೆ ಹರಿದ ಶಬ್ದ ನನಗೆ ಕೇಳಿಸಿತು ಅಂದರೆ ಯಾರೂ ನಂಬುವುದಿಲ್ಲ. ಒಂದು ಗೇಣು ಬಾಯಿಬಿಟ್ಟು ಅಂಗಿ ಜೋತುಬಿತ್ತು. ರೆಫರಿ ಬೆರಳು ತೋರಿಸಿ ಅವನನ್ನು ಹೊರಗೆ ಕಳಿಸಿದ. ಸರಿಮಾಡಿಕೊಂಡು ಬಾ ಎಂದ. ಕೋಚ್ ಆಗಲೇ ಬದಲಿ ಆಟಗಾರನ ಹೆಗಲ ಮೇಲೆ ಕೈಯಿಟ್ಟಿದ್ದ. ಅಷ್ಟರಲ್ಲಿ ಟಿವಿಯವರ ಜಾಹೀರಾತಿಗೆ ಆಟ ನಿಂತಿತು.

"ಎಷ್ಟು ಹೊತ್ತು?" ಮ್ಯಾನೇಜರ್ ಕೇಳಿದ.

"ಎರಡು ನಿಮಿಷ."

"ಒಂದೂವರೆ ಇದೆ."

ಗಾರ್ಡ್ ತೋಳೆತ್ತಿ ನಿಂತ. ಹೊಲಿಗೆ ಹಿಡಿಯಲು ಒಳಗೆ ಬಟ್ಟೆಯೇ ಇರಲಿಲ್ಲ. ಒಂದು ಇಂಚು ಇದ್ದಿದ್ದರೆ ಎರಡು ಎಳೆತಕ್ಕೆ ಮುಗಿಸುತ್ತಿದ್ದೆ. ಓವರ್‌ಲಾಕ್ ಅಂಚಿಗೆ ಸೂಜಿ ಹಾಕಿದರೆ ಕಿತ್ತುಬರುತ್ತಿತ್ತು. ಬೇರೆ ದಾರಿ ಕಾಣದೆ ಅಂಗಿಯ ಎರಡೂ ಬದಿಗಳನ್ನು ಒಳಗಿನ ಬನಿಯನ್ನಿಗೇ ಸೇರಿಸಿ, ಬಾಗಿದ ಸೂಜಿಯಲ್ಲಿ ದೊಡ್ಡ ದೊಡ್ಡ ಟಾಕಾ ಹೊಡೆಯುತ್ತಾ ಮೇಲೆ ಹೋದೆ. ಎಡಗೈ ಬೆರಳನ್ನು ಬನಿಯನ್ನಿನ ಒಳಗಿಟ್ಟುಕೊಂಡಿದ್ದೆ, ಚುಚ್ಚಿದರೆ ನನಗೇ ಚುಚ್ಚಲಿ ಎಂದು. ಮೂರು ಸಲ ಚುಚ್ಚಿತು. ಅವನು ಉಸಿರಾಡಿದಾಗಲೆಲ್ಲ ಹೊಲಿಗೆಯ ಬಾಯಿ ಅಗಲವಾಗುತ್ತಿತ್ತು.

"ಉಸಿರು ಹಿಡಿ" ಎಂದೆ.

"ನೂರಾ ನಲವತ್ತು ಕಿಲೋ ಇದೀನಿ ಟೇಲರ್, ಎಷ್ಟು ಹಿಡೀಲಿ?" ಅಂದ. ಹಿಡಿದ.

ದಾರವನ್ನು ಹಲ್ಲಿನಿಂದ ಕಡಿದೆ. ಅವನು ಓಡಿದ. ಕೋಚ್ ಬದಲಿ ಆಟಗಾರನ ಹೆಗಲಿನಿಂದ ಕೈ ತೆಗೆದ.

ಆಮೇಲೆ ಹನ್ನೊಂದು ಸಲ ಅವನು ನೆಲಕ್ಕೆ ಕೈಯೂರಿ ಎದ್ದ. ನಾನು ಎಣಿಸಿದೆ. ಹನ್ನೊಂದನೆಯದರಲ್ಲಿ ಚೆಂಡು ಎಸೆಯುವವನಿಗೆ ಬೇಕಾದಷ್ಟು ಹೊತ್ತು ಸಿಕ್ಕಿತು, ಚೆಂಡು ಕೊನೆಯ ಗೆರೆಯಾಚೆ ನಮ್ಮವನ ಕೈಗೆ ಬಿತ್ತು. ಅದಕ್ಕೆ ಆರು ಪಾಯಿಂಟ್, ಆಟದ ಹೊತ್ತೂ ಮುಗಿದಿತ್ತು. ಎಲ್ಲರೂ ಮೈದಾನಕ್ಕೆ ಓಡಿದರು. ನಾನು ಬೆಂಚಿನ ಮೇಲೆ ಕೂತು ಬೆರಳು ಚೀಪುತ್ತಿದ್ದೆ.

ಡ್ರೆಸ್ಸಿಂಗ್ ರೂಮಿನಲ್ಲಿ ಕುಣಿತ, ಬಿಯರು, ಕೂಗಾಟ. ಗಾರ್ಡಿಗೆ ಮಾತ್ರ ಅಂಗಿ ಬಿಚ್ಚಲಾಗುತ್ತಿರಲಿಲ್ಲ. ಹೊರಗಿನ ಅಂಗಿ ಪ್ಯಾಡಿನ ಮೇಲೆ, ಬನಿಯನ್ ಪ್ಯಾಡಿನ ಕೆಳಗೆ, ಎರಡನ್ನೂ ನಾನು ಪಕ್ಕೆಯಲ್ಲಿ ಒಂದು ಮಾಡಿ ಹೊಲಿದುಬಿಟ್ಟಿದ್ದೆ. ಒಂದು ಕೈ ಮೇಲೆತ್ತಿ ನನ್ನನ್ನು ಹುಡುಕಿಕೊಂಡು ಬಂದ.

"ಕತ್ತರಿ ಹಾಕಬೇಕಾಗುತ್ತೆ" ಎಂದೆ.

ಪಕ್ಕದಲ್ಲಿದ್ದವನು, "ಏಯ್, ಕಪ್ ಗೆದ್ದ ಅಂಗಿ ಅದು" ಅಂದ.

"ಹಾಕು" ಅಂದ ಗಾರ್ಡ್. "ಮೊದಲು ಒಳಗೆ ಏನಾಗಿದೆ ನೋಡು. ನನಗೆ ನೋಡೋಕೆ ಧೈರ್ಯ ಇಲ್ಲ. ನಾಳೆ ದೊಡ್ಡ ಲೀಗಿನವರು ಯಾರಾದರೂ ಫೋನ್ ಮಾಡಿದರೆ ಮೊದಲು ಕೇಳೋದು ಮೈ ಹೇಗಿದೆ ಅಂತಾನೇ."

ಕೆಳಗಿನಿಂದ ಮೇಲಕ್ಕೆ, ನನ್ನ ಟಾಕಾಗಳನ್ನು ಒಂದೊಂದೇ ಕತ್ತರಿಸುತ್ತಾ ಹೋದೆ. ಫಿಸಿಯೋ ಗಾಯಕ್ಕೆ ಅಂಟಿಸಿದ್ದ, ಬೆವರಿಗೆ ಒದ್ದೆಯಾಗಿದ್ದ ಪಟ್ಟಿಯ ಮೂಲೆಯನ್ನು ಉಗುರಿನಿಂದ ಎಬ್ಬಿಸಿ ಮೆಲ್ಲಗೆ ಸುಲಿದೆ. ಒಳಗೆ ಹೊಸ ಚರ್ಮ, ಎಳೆ ಮಗುವಿನದರ ಹಾಗೆ ನಯವಾಗಿ ಮುಚ್ಚಿಕೊಂಡಿತ್ತು. ಎಲ್ಲೂ ಬಾಯಿ ಬಿಟ್ಟಿರಲಿಲ್ಲ. ನಂಬಿಕೆಯಾಗದೆ ಹೆಬ್ಬೆರಳನ್ನು ಒಂದು ಸಲ ಉದ್ದಕ್ಕೂ ಎಳೆದು ನೋಡಿದೆ.

"ಏನಿದೆ?" ಎಂದ.

"ಏನೂ ಇಲ್ಲ" ಎಂದೆ.

ಅವನು ಆಗ ತೋಳನ್ನು ಕೆಳಗಿಳಿಸಿದ.